ಗಿಡ್ಡ ನಳಿಗೆಗೆ ಮದ್ದು ಎಷ್ಟು?

ಮೊನ್ನೆ ಹೊಳಲ್ಕೆರೆಯಿಂದ ದುರ್ಗಕ್ಕೆ ಬರೋ ಸಂಜೆ ಬಸ್ಸು. ಕಾಲಿಡೋಕೆ ಜಾಗ ಇಲ್ಲ. ನನ್ನ ಹಿಂದಿನ ಸೀಟಿನಲ್ಲಿ ಇಬ್ಬರು ರೈತರ ವಾದ. ಕಾಡುಹಂದಿ ಮೆಕ್ಕೆಜೋಳ ಮಲಗಿಸಿ ಹೋದ ಕಥೆಯಿಂದ ಶುರುವಾದ ಮಾತು ಕೋವಿಗೆ ಬಂದು ನಿಂತಿತ್ತು.

“ನಮ್ಮದು ಗಿಡ್ಡ ನಳಿಗೆ ಕಣಪ್ಪಾ. ಜೋರು ಸಾಲಲ್ಲ. ಅದಕ್ಕೇ ಅರ್ಧ ಅಳತೆ ಮದ್ದು ಜಾಸ್ತಿ ಹಾಕ್ತೀನಿ. ಆದ್ರೂ ಗುರಿ ಮಾತ್ರ ನಿಲ್ಲಲ್ಲ.”

ಈ ಮಾತು ಕೇಳಿ ನನಗೆ ಸುಮ್ಮನೆ ಕೂರೋಕೆ ಆಗಲಿಲ್ಲ. ಯಾಕೆಂದರೆ ಇದೇ ಮಾತನ್ನು ಹೊಸದುರ್ಗ ತಾಲ್ಲೂಕಿನ ನನ್ನ ಸೋದರಮಾವನೂ ಹೇಳ್ತಿದ್ದ. ಅವನದು ಲೈಸೆನ್ಸು ಇದ್ದ ಕೇಪಿನ ಕೋವಿ. ಒಂದು ಸಲ ಬದುವಿನ ಮೇಲೆ ಜಾರಿ ಬಿದ್ದಾಗ ನಳಿಗೆ ಬಾಯಿಗೆ ಕೆಸರು ಮೆತ್ತಿಕೊಂಡಿತು. ನೋಡದೆ ಈಡು ಹೊಡೆದ. ನಳಿಗೆಯ ತುದಿ ಬೀಗಿತು. ಯಾರೋ ಕಮ್ಮಾರನ ಹತ್ತಿರ ಒಂದೂವರೆ ಗೇಣು ಕತ್ತರಿಸಿಕೊಂಡು ಬಂದ. ಗಿಡ್ಡ ಆದ ಮೇಲೆ ಗುಂಡು ದೂರ ಹೋಗಲ್ಲ ಅಂತ ಮದ್ದು ಏರಿಸುತ್ತಾ ಹೋದ. ಒಂದು ದಿನ ಕೋವಿ ಬುಡದಲ್ಲೇ ಸಿಡಿಯಿತು. ಎಡಗೈಯ ಎರಡು ಬೆರಳು ಹೋದವು. ಆ ವರ್ಷ ನಾನು ಪಿಯುಸಿ ಪರೀಕ್ಷೆಗೆ ಕೂರಲಿಲ್ಲ, ಮಾವನ ಹೊಲ ನೋಡಿಕೊಂಡೆ.

ಜಾಸ್ತಿ ಹಾಕಿದ್ರೆ ಏನಾಗುತ್ತೆ?

ಮದ್ದು ಒಂದೇ ಏಟಿಗೆ ಉರಿದು ಮುಗಿಯಲ್ಲ. ಗುಂಡು ನಳಿಗೆಯಲ್ಲಿ ಓಡುತ್ತಾ ಇರುವಾಗಲೂ ಅದು ಉರಿಯುತ್ತಾ ಹೊಗೆ ಮಾಡಿ ಹಿಂದಿನಿಂದ ತಳ್ಳುತ್ತೆ. ನಳಿಗೆ ಉದ್ದ ಇದ್ದರೆ ತಳ್ಳೋಕೆ ಸಮಯ ಸಿಗುತ್ತೆ. ಗಿಡ್ಡ ಆದರೆ ಗುಂಡು ಬೇಗ ಹೊರಗೆ ಬಂದುಬಿಡುತ್ತೆ. ಒಂದು ಹದ ಮೀರಿ ಹಾಕಿದ ಮದ್ದಿನಲ್ಲಿ ಬಹುಪಾಲು ಬಾಯಿ ಹೊರಗೆ ಬೆಂಕಿಯಾಗಿ ಹೋಗುತ್ತೆ. ಬುಡದ ಮೇಲೆ ಒತ್ತಡ, ಭುಜಕ್ಕೆ ಒದೆ, ಕಿವಿಗೆ ಸದ್ದು, ಇಷ್ಟೇ ಲಾಭ. ಕೆಲವರು ಬಾಯಿ ಮುಂದೆ ನೆಲಕ್ಕೆ ಬಿಳಿ ಬಟ್ಟೆ ಹಾಸಿ ಪರೀಕ್ಷೆ ಮಾಡ್ತಾರೆ. ಉರಿಯದ ಕರಿಕಾಳು ಅದರ ಮೇಲೆ ಬಿದ್ದರೆ ಮದ್ದು ದಂಡವಾಯ್ತು ಅಂತ ಅರ್ಥ.

ನಮ್ಮ ಕಡೆ ಕೇಪಿನ ಕೋವಿ ಹೆಚ್ಚಿನವು ಒಳಗೆ ನುಣುಪು. ರೈಫಲ್ ಅನ್ನೋದಕ್ಕೆ ಒಳಗೆ ಸುರುಳಿ ಗೀರು ಇರುತ್ತೆ. ಗುಂಡಿನ ಸುತ್ತ ಎಣ್ಣೆ ಸವರಿದ ಬಟ್ಟೆ ಬಿಲ್ಲೆ ಇಟ್ಟು ಗಜದಿಂದ ಇಳಿಸಿದರೆ, ಆ ಬಟ್ಟೆ ಗೀರನ್ನು ಹಿಡಿದು ಗುಂಡನ್ನು ಬುಗುರಿ ಹಾಗೆ ತಿರುಗಿಸುತ್ತೆ. ತಿರುಗೋ ಬುಗುರಿ ತಾನೇ ನೆಟ್ಟಗೆ ನಿಲ್ಲೋದು! ಮದ್ದು ಅತಿಯಾದರೆ ಬಟ್ಟೆ ಸುಟ್ಟು ಹರಿದು ಗುಂಡು ಗೀರು ಬಿಟ್ಟು ಜಾರುತ್ತೆ. ಬಸ್ಸಿನ ಹಿರಿಯರ ಕೋವಿಯಲ್ಲೂ ಗುರಿ ತಪ್ಪಿಸುತ್ತಿದ್ದುದು ಆ ಅರ್ಧ ಅಳತೆಯೇ ಇರಬೇಕು.

ದೊಡ್ಡವರ ಲೆಕ್ಕ

ಇದು ನನ್ನ ಸ್ವಂತ ಶೋಧ ಅಲ್ಲ. 1857ರ ದಂಗೆಗೆ ಕಿಡಿ ಹಚ್ಚಿದ ತೋಟಾಗಳು ಇದ್ದವಲ್ಲ, ಆ ಎನ್‌ಫೀಲ್ಡ್ ರೈಫಲ್ಲೂ ಬಾಯಿಂದ ತುಂಬೋದೇ. 1853ರ ಮಾದರಿಯ ಅದರ ನಳಿಗೆ 39 ಅಂಗುಲ. ಗುಂಡು ಸುಮಾರು 34 ಗ್ರಾಂ, ಮದ್ದು ಎರಡೂವರೆ ಡ್ರಾಮು, ಅಂದರೆ ಸುಮಾರು ನಾಲ್ಕೂವರೆ ಗ್ರಾಂ. ಅದೇ ಕಾಲದಲ್ಲಿ ಕುದುರೆ ಸವಾರರಿಗೆ ಕೊಟ್ಟ ಗಿಡ್ಡ ಕಾರ್ಬೈನಿನ ನಳಿಗೆ 21 ಅಂಗುಲ. ಅದಕ್ಕೆ ಹಾಕುತ್ತಿದ್ದ ಮದ್ದು ಎರಡೇ ಡ್ರಾಮು, ಸುಮಾರು ಮೂರೂವರೆ ಗ್ರಾಂ. ನಳಿಗೆ ಗಿಡ್ಡ ಆಯ್ತು ಅಂತ ಬ್ರಿಟಿಷ್ ಸೈನ್ಯ ಮದ್ದು ಏರಿಸಲಿಲ್ಲ, ಐದರಲ್ಲಿ ಒಂದು ಪಾಲು ಇಳಿಸಿತು. ಹಾಗಂತ ಈ ಲೆಕ್ಕವನ್ನು ನಿಮ್ಮ ಕೋವಿಗೆ ಹಾಕೋಕೆ ಹೋಗಬೇಡಿ. ಒಂದೊಂದು ಕೋವಿಗೂ ಒಂದೊಂದು ಹದ.

ಹದ ಹುಡುಕೋದು ಹೇಗೆ?

ಮೊದಲು ಕೋವಿಯನ್ನು ಲೈಸೆನ್ಸು ಇರುವ ಬಂದೂಕು ರಿಪೇರಿಯವರಿಗೆ ತೋರಿಸಿ. ಬಿರುಕು, ಊತ, ತುಕ್ಕು ಇದ್ದರೆ ಅಲ್ಲಿಗೇ ಮುಗೀತು. ಸರಿಯಿದ್ದರೆ, ಆ ಕೋವಿಗೆ ಹೇಳಿದ ಅತಿ ಕಡಿಮೆ ಅಳತೆಯಿಂದ ಶುರು ಮಾಡಬೇಕು. ಕೈಯಲ್ಲಿ ಸುರಿಯೋದು ಬೇಡ, ಒಂದೇ ಅಳತೆ ಪಾತ್ರೆ ಇಟ್ಟುಕೊಳ್ಳಿ. ಹಿರಿಯೂರಿನ ಕಿರಾಣಿ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಾವು ಕುಟ್ಟಿ ತುಂಬಿದರೆ ಒಂದು ತೂಕ, ಸಡಿಲ ತುಂಬಿದರೆ ಇನ್ನೊಂದು. ಹೇಗೆ ತುಂಬುತ್ತೀರೋ ಪ್ರತಿ ಸಲ ಹಾಗೇ ತುಂಬಿ.

ಕಾಗದಕ್ಕೆ ಐದು ಈಡು. ನಡುವಿನ ಚುಕ್ಕೆಗೆ ಬಿತ್ತಾ ಅಂತ ನೋಡಬೇಡಿ, ಐದೂ ತೂತು ಒಂದರ ಹತ್ತಿರ ಒಂದು ಬಿದ್ದವಾ ನೋಡಿ. ಒತ್ತಾಗಿ ಬಿದ್ದರೆ ಗುರಿಕಣ್ಣು ಆಮೇಲೆ ಸರಿಮಾಡಬಹುದು. ಚೆದುರಿದರೆ ಮದ್ದು, ಗುಂಡು, ಬಟ್ಟೆ, ಈ ಮೂರರಲ್ಲಿ ಒಂದನ್ನು ಮಾತ್ರ ಬದಲಿಸಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯ್ತು ಗೊತ್ತಾಗಲ್ಲ. ಈಡಿಗೊಮ್ಮೆ ನಳಿಗೆ ಒರೆಸಿ. ಕರಿ ಮದ್ದಿನ ಮಸಿ ಕಟ್ಟಿದರೆ ಮುಂದಿನ ಗುಂಡು ನಡುವೆ ನಿಲ್ಲುತ್ತೆ. ಗುಂಡು ಮದ್ದಿನ ಮೇಲೆ ಗಟ್ಟಿಯಾಗಿ ಕೂರಲೇಬೇಕು, ಮಧ್ಯೆ ಖಾಲಿ ಜಾಗ ಬಿಟ್ಟರೆ ನಳಿಗೆ ಬೀಗುತ್ತೆ. ಮುಂದೆ ಬಿದ್ದ ಬಟ್ಟೆ ಬಿಲ್ಲೆ ಹೆಕ್ಕಿ ನೋಡಿ. ಸುಟ್ಟು ತೂತಾಗಿದ್ದರೆ ಮದ್ದು ಇಳಿಸಿ, ಇಲ್ಲವೇ ದಪ್ಪ ಬಟ್ಟೆ ಹಾಕಿ.

ಇನ್ನೊಂದು ಮಾತು. ಎರಡು ಗುರಿಕಣ್ಣಿನ ಅಂತರ ಅರ್ಧ ಮೀಟರು ಇದ್ದಾಗ ಒಂದು ಮಿಲಿಮೀಟರು ವಾರೆ ಹಿಡಿದರೆ, 50 ಮೀಟರಿನಲ್ಲಿ ಗುಂಡು 10 ಸೆಂಟಿಮೀಟರು ಆಚೆ ಹೋಗುತ್ತೆ. ಅಂತರ ಒಂದು ಮೀಟರಾದರೆ ಐದೇ. ಗಿಡ್ಡ ಕೋವಿಯವರು ಹತ್ತಿರದ ಗುರಿ ಇಟ್ಟುಕೊಳ್ಳೋದೇ ಜಾಣತನ.

ತೋಟಾ ಒಡೆದು ತೆಗೆದ ಮದ್ದು, ಕಲ್ಲು ಕ್ವಾರಿಯ ಮದ್ದು ಇವನ್ನು ಎಂದೂ ಹಾಕಬೇಡಿ. ಅದರ ಒತ್ತಡಕ್ಕೆ ಈ ನಳಿಗೆ ತಡೆಯಲ್ಲ.

ಕಾನೂನು ಮರೆಯಬೇಡಿ

ನಮ್ಮ ಮಾವ ನಳಿಗೆ ಕತ್ತರಿಸಿದ್ದೇ ಅಪರಾಧ. 1959ರ ಆಯುಧ ಕಾಯ್ದೆಯ 6ನೇ ಕಲಂ ಪ್ರಕಾರ ಅದಕ್ಕೆ ಬೇರೆ ಲೈಸೆನ್ಸು ಬೇಕು. ಬೆಳೆ ಕಾಯೋ ಲೈಸೆನ್ಸು ಬೇಟೆ ಲೈಸೆನ್ಸು ಅಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ. ನಮ್ಮ ಜೋಗಿಮಟ್ಟಿ ಕಡೆ ಓಡಾಡೋ ಕರಡಿ ಅದರ ಮೊದಲ ಪಟ್ಟಿಯಲ್ಲಿದೆ. ಹಂದಿ ಕಾಟ ಇದ್ದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕು.

ದುರ್ಗದ ಕೋಟೆ ಹತ್ತಿದವರು ಆಳದ ಗುಂಡಿಯಲ್ಲಿರೋ ನಾಲ್ಕು ದೊಡ್ಡ ಬೀಸುಗಲ್ಲು ನೋಡಿರುತ್ತೀರಿ. ಮದ್ದು ಬೀಸೋಕೆ ಅಂತ ಇಟ್ಟಿದ್ದು ಅಂತಾರೆ. ಬಸ್ಸು ದುರ್ಗ ಸೇರುವಾಗ ಅದೇ ಮಾತು ತೆಗೆದು ಆ ಹಿರಿಯರು, “ನಾಯಕರ ಕಾಲದಲ್ಲಿ ಮದ್ದು ರಾಶಿ ರಾಶಿ ಬೀಸ್ತಿದ್ರಲ್ಲ, ನಾವು ಅರ್ಧ ಅಳತೆ ಹಾಕಿದ್ರೆ ತಪ್ಪಾ?” ಅಂದರು. “ಅವರು ಬೀಸಿದ್ದು ಕೋಟೆಗೆಲ್ಲಾ ಯಜಮಾನ್ರೇ, ಒಂದು ನಳಿಗೆಗೆ ಅಲ್ಲ” ಅಂದೆ. ನಕ್ಕರು.

ಇಳಿಯೋ ಮೊದಲು ಅವರಿಗೆ ಹೇಳಿದ ಒಂದು ಮಾತು ನಿಮಗೂ ಹೇಳ್ತೀನಿ. ಚುನಾವಣೆ ಕಾಲದಲ್ಲಿ ಠಾಣೆಗೆ ಒಪ್ಪಿಸಿದ ಕೋವಿ ತಿಂಗಳು ಕಳೆದು ವಾಪಸ್ ಬರುತ್ತೆ. ಒಳಗೆ ಹಳೇ ಈಡು ಇದ್ದರೂ ಮರೆತೇ ಹೋಗಿರುತ್ತೆ. ಅದರ ಮೇಲೆ ಇನ್ನೊಂದು ಈಡು ಬಿದ್ದರೆ ಮಾವನ ಗತಿಯೇ. ಕೋವಿ ಖಾಲಿ ಇದ್ದಾಗ ಗಜವನ್ನು ತಳದವರೆಗೆ ಇಳಿಸಿ, ಬಾಯಿ ಮಟ್ಟಕ್ಕೆ ಒಂದು ಗೀರು ಹಾಕಿಡಿ. ಈಡು ತುಂಬಿದಾಗ ಇನ್ನೊಂದು ಗೀರು. ಕೈಗೆ ತಗೊಂಡ ಕೂಡಲೇ ಗಜ ಇಳಿಸಿ ಯಾವ ಗೀರು ಬಾಯಿಗೆ ಬಂತು ನೋಡಿ. ಅರ್ಧ ನಿಮಿಷದ ಕೆಲಸ.