ಅಢಾವೆ ಪತ್ರಿಕೆಯನ್ನು ಓದುವ ಬಗೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಆ ಗಾದೆಯೊಳಗೆ ಲೆಕ್ಕಶಾಸ್ತ್ರದ ಒಂದು ಮುಖ್ಯ ತತ್ವವು ಅಡಗಿರುವದನ್ನು ನಾವು ಅಷ್ಟಾಗಿ ಗಮನಿಸುವದಿಲ್ಲ. ಕಾಲು ಉದ್ದವೋ ಗಿಡ್ಡವೋ ಎಂಬದು ಅಲ್ಲಿಯ ಪ್ರಶ್ನೆಯಲ್ಲ. ಹಾಸಿಗೆಗೂ ಕಾಲಿಗೂ ಇರುವ ಸಂಬಂಧವೇ ಪ್ರಶ್ನೆ. ಇಂಥ ಸಂಬಂಧಕ್ಕೆ ಪ್ರಮಾಣ ಅಥವಾ ಅನುಪಾತವೆಂದು ಹೆಸರು. ಮನೆತನವನ್ನು ನಡೆಸುವ ಗೃಹಸ್ಥರೂ ಗೃಹಿಣಿಯರೂ ದಿನಾಲು ಈ ಅಳತೆಯನ್ನೇ ಬಳಸುವರು. ಒಂದು ಲಕ್ಷ ರೂಪಾಯಿಯ ಸಾಲವು ಒಂದು ಮನೆಗೆ ಹಗುರ, ಇನ್ನೊಂದು ಮನೆಗೆ ಕುತ್ತಿಗೆಯ ಕಲ್ಲು ಎಂಬದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಅದೇ ಜನರು ತಾವು ಶೇರು ಹಿಡಿದಿರುವ ಕಾರ್ಖಾನೆಯ ವಾರ್ಷಿಕ ವರದಿಯು ಕೈಗೆ ಬಂದಾಗ ಮಾತ್ರ, ‘ಈ ವರ್ಷ ಎಂಟು ಕೋಟಿ ಲಾಭ’ ಎಂಬ ಒಂದೇ ಸಾಲನ್ನು ಓದಿ, ಪುಸ್ತಕವನ್ನು ಮಡಚಿಡುವರು.

ತುಕ್ಕಾನಟ್ಟಿಯ ಸುತ್ತಣ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಈ ಮಾತು ಕೇವಲ ಪುಸ್ತಕದ ವಿಷಯವಲ್ಲ. 1885ರಲ್ಲಿ ಸ್ಥಾಪಿತವಾದ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯು ಘಟಪ್ರಭೆಯ ಜಲಪಾತದ ಬಲದಿಂದ ನೂಲಿನ ಗಿರಣಿಯನ್ನು ನಡೆಯಿಸಿದ ಸೀಮೆಯಿದು. ಮುಂದೆ ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕದ ಘಟಪ್ರಭಾ ಮೊದಲಾದ ಸಹಕಾರಿ ಸಕ್ಕರೆ ಕಾರ್ಖಾನೆಗಳು ಹುಟ್ಟಿ, ಕಬ್ಬು ಬೆಳೆಯುವ ಒಕ್ಕಲಿಗನೇ ಕಾರ್ಖಾನೆಯ ಶೇರುದಾರನಾದನು. ಹೀಗೆ ಅವನಿಗೂ ಕಾರ್ಖಾನೆಗೂ ಎರಡು ಬಗೆಯ ನಂಟು: ಅವನು ಅದರ ಒಡೆಯರಲ್ಲೊಬ್ಬನು, ಕಬ್ಬು ತೂಗಿಸಿದ ದಿನದಿಂದ ಬಿಲ್ಲು ಕೈಸೇರುವ ವರೆಗೆ ಅದರ ಸಾಲಗಾರರಿಗೆ ಸಮನಾಗಿ ಹಣ ಬರಬೇಕಾದವನೂ ಹೌದು. ಕಾರ್ಖಾನೆಯ ಆರೋಗ್ಯವು ಕೆಟ್ಟರೆ ಅವನಿಗೆ ಎರಡೂ ಕಡೆಯಿಂದ ಪೆಟ್ಟು. ಮಗಳ ಮದುವೆ, ಮಗನ ಕಾಲೇಜಿನ ಫೀ, ಸೊಸಾಯಿಟಿಯ ಸಾಲದ ಕಂತು ಎಲ್ಲವೂ ಆ ಬಿಲ್ಲಿನ ಮೇಲೆಯೇ ನಿಂತಿರುತ್ತವೆ.

ಕಬ್ಬಿನ ಸೀಮೆಯವರಿಗೆ ಪ್ರಮಾಣವೆಂಬದು ಹೊಸದಲ್ಲ. ಅವರು ಬಾಯಿಪಾಠ ಮಾಡಿಕೊಂಡಿರುವ ‘ಇಳುವರಿ’ ಎಂಬದು ನೂರು ಕಿಲೋ ಕಬ್ಬಿಗೆ ಎಷ್ಟು ಕಿಲೋ ಸಕ್ಕರೆ ಬಂದಿತೆಂಬ ಅನುಪಾತವೇ. 2025–26ರ ಹಂಗಾಮಿಗೆ ಕೇಂದ್ರ ಸರಕಾರವು ಗೊತ್ತುಪಡಿಸಿದ ಕ್ವಿಂಟಲಿಗೆ 355 ರೂಪಾಯಿಯ ಬೆಲೆಯು 10.25ರ ಇಳುವರಿಗೆ ಕಟ್ಟಿದ್ದು. 2025ರ ನವೆಂಬರದಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹೋರಾಟ ಹೂಡಿದಾಗಲೂ ಇಳುವರಿಯ ಮಾತು ಎಲ್ಲರ ನಾಲಗೆಯ ಮೇಲಿದ್ದಿತು. ಕಬ್ಬಿನಿಂದ ಎಷ್ಟು ಸಕ್ಕರೆ ಬಂದಿತೆಂದು ಕೇಳಬಲ್ಲವರು, ಹಣದಿಂದ ಎಷ್ಟು ಹಣ ಬಂದಿತೆಂದು ಯಾಕೆ ಕೇಳಬಾರದು? ಅದಕ್ಕೆ ಬೇಕಾದದ್ದು ಒಂದು ಭಾಗಾಕಾರ ಮಾತ್ರ.

ವಾಚಕರಿಗೆ ತಿಳಿಯಲೆಂದು ನಾವು ಎರಡು ಕಾರ್ಖಾನೆಗಳನ್ನು ಕಲ್ಪಿಸಿಕೊಳ್ಳೋಣ. ಇವು ಮೇಲೆ ಹೆಸರಿಸಿದ ಯಾವ ಸಂಸ್ಥೆಯೂ ಅಲ್ಲ. ಲೆಕ್ಕಕ್ಕಾಗಿ ಕಟ್ಟಿದ ಬೊಂಬೆಗಳು. ಒಂದನ್ನು ಹಿರಿಯ ಕಾರ್ಖಾನೆಯೆಂದೂ ಇನ್ನೊಂದನ್ನು ಕಿರಿಯ ಕಾರ್ಖಾನೆಯೆಂದೂ ಕರೆಯೋಣ. ಮಾರ್ಚ್ 31ರಂದು ಅವುಗಳ ಸ್ಥಿತಿಯು ಹೀಗಿದೆ. ಅಂಕಿಗಳೆಲ್ಲ ಕೋಟಿ ರೂಪಾಯಿಗಳಲ್ಲಿ.

ವರ್ಷದ ಮಾರಾಟ: ಹಿರಿಯದು 400, ಕಿರಿಯದು 200.
ನಿವ್ವಳ ಲಾಭ: ಹಿರಿಯದು 8, ಕಿರಿಯದು 6.
ಶೇರು ಮತ್ತು ಗಂಗಾಜಲಿ ಸೇರಿ ಸ್ವಂತ ಭಾಂಡವಲು: ಹಿರಿಯದು 50, ಕಿರಿಯದು 60.
ದೀರ್ಘಾವಧಿಯ ಸಾಲ: ಹಿರಿಯದು 150, ಕಿರಿಯದು 30.
ವರ್ಷದೊಳಗೆ ತೀರಿಸಬೇಕಾದ ಬಾಕಿ: ಹಿರಿಯದು 220, ಕಿರಿಯದು 60.
ಯಂತ್ರ, ಕಟ್ಟಡ, ಭೂಮಿ: ಹಿರಿಯದು 220, ಕಿರಿಯದು 60.
ಸಕ್ಕರೆಯ ದಾಸ್ತಾನು, ಬರಬೇಕಾದ ಹಣ, ರೋಕಡಿ: ಹಿರಿಯದು 200, ಕಿರಿಯದು 90.

ಲಾಭವೊಂದನ್ನೇ ನೋಡಿದರೆ ಹಿರಿಯ ಕಾರ್ಖಾನೆಗೆ ಹಾರ ಹಾಕಬೇಕು. ಆದರೆ ನಾಲ್ಕು ಪ್ರಶ್ನೆಗಳನ್ನು ಕೇಳದೆ ಹಾರ ಹಾಕುವದು ಜಾಣತನವಲ್ಲ.

ಮೊದಲನೆಯ ಪ್ರಶ್ನೆ: ಬಾಗಿಲಿಗೆ ಬಂದವರಿಗೆ ಹಣ ಕೊಡುವ ಶಕ್ತಿಯಿದೆಯೆ? ವರ್ಷದೊಳಗೆ ರೋಕಡಿಯಾಗುವ ಆಸ್ತಿಯನ್ನು ವರ್ಷದೊಳಗೆ ತೀರಿಸಬೇಕಾದ ಬಾಕಿಯಿಂದ ಭಾಗಿಸಿದರೆ ಚಾಲ್ತಿ ಪ್ರಮಾಣವು ದೊರೆಯುವದು. ಹಿರಿಯದಕ್ಕೆ ಇದು 0.91, ಕಿರಿಯದಕ್ಕೆ 1.5. ಒಂದಕ್ಕಿಂತ ಕಡಿಮೆಯೆಂದರೆ ಕೊಡುವದೇ ಹೆಚ್ಚು, ಕೈಯಲ್ಲಿರುವದು ಕಡಿಮೆ. 1975ರ ಟಂಡನ್ ಸಮಿತಿಯ ಸಲಹೆಯ ತರುವಾಯ ನಮ್ಮ ದೇಶದ ಬ್ಯಾಂಕುಗಳಲ್ಲಿ 1.33 ಎಂಬ ಅಳತೆಯು ರೂಢಿಗೆ ಬಂದಿತು. ಇನ್ನು ಗೋದಾಮಿನ ಸಕ್ಕರೆಯು ಕೂಡಲೆ ಹಣವಾಗುವ ಸರಕಲ್ಲ. ಹಿರಿಯದರ 200ರಲ್ಲಿ 150 ಕೋಟಿ, ಕಿರಿಯದರ 90ರಲ್ಲಿ 60 ಕೋಟಿ ಬರಿಯ ಸಕ್ಕರೆಯೆಂದು ಇಟ್ಟುಕೊಳ್ಳೋಣ. ಅದನ್ನು ಬಿಟ್ಟು ಲೆಕ್ಕ ಮಾಡಿದರೆ ಹಿರಿಯದರಲ್ಲಿ ರೂಪಾಯಿಯ ಬಾಕಿಗೆ 23 ಪೈಸೆ, ಕಿರಿಯದರಲ್ಲಿ 50 ಪೈಸೆ ಉಳಿಯುವದು.

ಎರಡನೆಯ ಪ್ರಶ್ನೆ: ಯಾರ ಹಣದಿಂದ ಈ ಸಂಸಾರವು ಸಾಗಿದೆ? ದೀರ್ಘಾವಧಿಯ ಸಾಲವನ್ನು ಸ್ವಂತ ಭಾಂಡವಲಿನಿಂದ ಭಾಗಿಸಿರಿ. ಹಿರಿಯದು ತನ್ನ ಒಂದು ರೂಪಾಯಿಗೆ ಮೂರು ರೂಪಾಯಿ ಸಾಲ ಹೊತ್ತಿದೆ. ಕಿರಿಯದು ಎಂಟಾಣೆ ಮಾತ್ರ.

ಮೂರನೆಯ ಪ್ರಶ್ನೆ: ಬಡ್ಡಿಯನ್ನು ಕಟ್ಟಿ ಉಸಿರಾಡುವ ಜಾಗ ಎಷ್ಟಿದೆ? ಬಡ್ಡಿ, ತೆರಿಗೆಗಳಿಗಿಂತ ಮೊದಲಿನ ಗಳಿಕೆಯು ಹಿರಿಯದಕ್ಕೆ 40 ಕೋಟಿ, ಬಡ್ಡಿ 30 ಕೋಟಿ. ಕಿರಿಯದಕ್ಕೆ ಗಳಿಕೆ 14, ಬಡ್ಡಿ 6 ಎಂದಿರಲಿ. ಸಕ್ಕರೆಯ ಬೆಲೆಯು ನೂರಕ್ಕೆ ಮೂರರಂತೆ ಇಳಿದು, ಖರ್ಚು ಇದ್ದಷ್ಟೇ ಉಳಿಯಿತೆನ್ನಿರಿ. ಹಿರಿಯದರ ಗಳಿಕೆಯಲ್ಲಿ 12 ಕೋಟಿ ಕಡಿಮೆಯಾಗಿ 28 ಉಳಿಯುವದು; ಬಡ್ಡಿಗೇ ಸಾಲದು. ಕಿರಿಯದರಲ್ಲಿ 6 ಕಡಿಮೆಯಾದರೂ 8 ಉಳಿದು, ಬಡ್ಡಿ ಹೋಗಿ 2 ಕೋಟಿ ಕೈಯಲ್ಲಿರುವದು. ಕಿಲೋಗೆ ಒಂದೆರಡು ರೂಪಾಯಿಯ ಏರಿಳಿತವು ಒಂದರ ಪಾಲಿಗೆ ಗಾಳಿ, ಇನ್ನೊಂದರ ಪಾಲಿಗೆ ಬಿರುಗಾಳಿ.

ನಾಲ್ಕನೆಯದು ಕಬ್ಬು ಕೊಟ್ಟವನ ಪ್ರಶ್ನೆ. ಕಬ್ಬು ಮುಟ್ಟಿದ 14 ದಿನಗಳೊಳಗೆ ಹಣ ಕೊಡಬೇಕೆಂದೂ ತಡವಾದರೆ ನೂರಕ್ಕೆ 15ರಂತೆ ವಾರ್ಷಿಕ ಬಡ್ಡಿ ಕೊಡಬೇಕೆಂದೂ 1966ರ ಕಬ್ಬು ನಿಯಂತ್ರಣ ಆದೇಶವು ವಿಧಿಸಿತು. ನುರಿಸುವ ಹಂಗಾಮು 150 ದಿನಗಳದ್ದೆಂದು ಹಿಡಿದರೆ, 14 ದಿನದ ಕಬ್ಬು ಇಡೀ ಹಂಗಾಮಿನ ಹತ್ತನೆಯ ಒಂದು ಪಾಲಿಗಿಂತ ಹೆಚ್ಚೇನೂ ಆಗುವದಿಲ್ಲ. ಹಿರಿಯದು 280 ಕೋಟಿಯ ಕಬ್ಬು ಕೊಂಡು 60 ಕೋಟಿಯನ್ನು ಬಾಕಿಯಿಟ್ಟಿದ್ದರೆ ಅದು ಐದನೆಯ ಒಂದು ಪಾಲಿಗಿಂತಲೂ ಮಿಗಿಲಾಯಿತು. ಕಿರಿಯದು 140 ಕೋಟಿಯ ಕಬ್ಬು ಕೊಂಡು 10 ಕೋಟಿ ಉಳಿಸಿಕೊಂಡಿದ್ದರೆ ಹದಿನಾಲ್ಕನೆಯ ಒಂದು ಪಾಲು. ಮಾರ್ಚ್ ಕೊನೆಗೆ ನುರಿಸುವದು ನಡೆದೇ ಇದ್ದರೂ ಹಿರಿಯದರ ಬಾಕಿಗೆ ಹದಿನಾಲ್ಕು ದಿನದ ನೆವವು ಸಾಲದು. ಅದು ರೈತನ ಹಣದಿಂದಲೇ ವ್ಯವಹಾರ ನಡೆಸಿದೆಯೆಂದು ತಿಳಿಯಬೇಕು.

ಇಷ್ಟಾದರೂ ಒಬ್ಬ ಶೇರುದಾರನು ಎದ್ದು, ‘ನಮ್ಮ ಸ್ವಂತ ಭಾಂಡವಲಿಗೆ ಹಿರಿಯದು ನೂರಕ್ಕೆ 16 ಗಳಿಸಿದೆ, ಕಿರಿಯದು 10 ಮಾತ್ರ, ಇದಕ್ಕೇನು ಹೇಳುವಿರಿ?’ ಎಂದು ಕೇಳಬಹುದು. ಲೆಕ್ಕವು ಸರಿಯಾಗಿಯೇ ಇದೆ. ಇಲ್ಲಿಯೇ ಪ್ರಮಾಣಗಳ ನಿಜವಾದ ಪರೀಕ್ಷೆ. ಅಮೇರಿಕದ ಡ್ಯುಪಾಂಟ್ ಕಂಪನಿಯಲ್ಲಿದ್ದ ಡೊನಾಲ್ಡ್‌ಸನ್ ಬ್ರೌನ್ ಎಂಬವರು ಲಾಭದ ದರವನ್ನು ಅದರ ಅಂಗಗಳಾಗಿ ಬಿಡಿಸಿ ನೋಡುವ ರೀತಿಯನ್ನು 1910ರ ದಶಕದಲ್ಲಿ ಬಳಕೆಗೆ ತಂದರು. ಅದೇ ದಾರಿಯಲ್ಲಿ ಮುಂದೆ ಬೆಳೆದ ಪದ್ಧತಿಯಂತೆ ಈ ದರವನ್ನು ಮೂರು ಪಾಲಾಗಿ ಒಡೆಯಬಹುದು. ಮಾರಾಟದ ಮೇಲಿನ ಲಾಭ ಹಿರಿಯದಕ್ಕೆ ನೂರಕ್ಕೆ 2, ಕಿರಿಯದಕ್ಕೆ 3. ಒಟ್ಟು ಆಸ್ತಿಯು ವರ್ಷಕ್ಕೆ ಎಷ್ಟು ಸಲ ಮಾರಾಟವಾಗಿ ತಿರುಗಿತೆಂದರೆ ಹಿರಿಯದರಲ್ಲಿ 0.95, ಕಿರಿಯದರಲ್ಲಿ 1.33. ಎರಡರಲ್ಲಿಯೂ ಕಿರಿಯದೇ ಮುಂದು. ಮೂರನೆಯದಾಗಿ, ಒಟ್ಟು ಆಸ್ತಿಯು ಸ್ವಂತ ಭಾಂಡವಲಿನ ಎಷ್ಟು ಪಟ್ಟು? ಹಿರಿಯದು 8.4, ಕಿರಿಯದು 2.5. ಮೂರನ್ನೂ ಗುಣಿಸಿದರೆ 16 ಮತ್ತು 10 ಬರುವವು. ಅಂದರೆ ಹಿರಿಯದರ 16 ಕೆಲಸದ ಜಾಣತನದಿಂದ ಬಂದುದಲ್ಲ, ಪರರ ಹಣದ ಏಣಿಯನ್ನು ಏರಿ ಬಂದುದು. ಏಣಿಯು ಜಾರಿದರೆ ಬೀಳುವ ಎತ್ತರವೂ ಅಷ್ಟೇ.

ಈ ವಿದ್ಯೆಯು ಬಹಳ ಹಳೆಯದಲ್ಲ. ಜೋಡಿ ನಮೂದಿನ ಲೆಕ್ಕವನ್ನು ಲೂಕಾ ಪಾಚಿಯೋಲಿಯು 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚುಹಾಕಿಸಿದ್ದರೂ, ನೂರಾರು ಸಂಸ್ಥೆಗಳ ಪ್ರಮಾಣಗಳನ್ನು ಒಟ್ಟುಗೂಡಿಸಿ ಹೋಲಿಸುವ ಕೆಲಸವನ್ನು ಅಮೇರಿಕದ ಅಲೆಗ್ಸಾಂಡರ್ ವಾಲ್ ಎಂಬವರು ಪ್ರಕಟಿಸಿದ್ದು 1919ರಲ್ಲಿ. ನಮ್ಮ ದೇಶದಲ್ಲಿ 2021ರ ಮಾರ್ಚ್ 24ರ ಅಧಿಸೂಚನೆಯ ಮೂಲಕ, ಕಂಪನಿಗಳು ತಮ್ಮ ಲೆಕ್ಕಪತ್ರಗಳಲ್ಲಿ 11 ಪ್ರಮಾಣಗಳನ್ನು ಕಾಣಿಸಬೇಕೆಂದೂ, ಹಿಂದಿನ ವರ್ಷಕ್ಕಿಂತ ನೂರಕ್ಕೆ 25ಕ್ಕೂ ಮೀರಿದ ವ್ಯತ್ಯಾಸವಿದ್ದರೆ ಕಾರಣ ಹೇಳಬೇಕೆಂದೂ ಗೊತ್ತುಮಾಡಲಾಯಿತು. ಆದರೆ ಇದು ಕಂಪನಿ ಕಾಯಿದೆಯ ಮಾತು. ಸಹಕಾರಿ ಸಂಘಗಳು ಬೇರೆ ಕಾಯಿದೆಯ ಕೆಳಗೆ ಬರುವದರಿಂದ ಅಲ್ಲಿಯ ಸದಸ್ಯನು ಈ ಭಾಗಾಕಾರವನ್ನು ತಾನೇ ಮಾಡಿಕೊಳ್ಳಬೇಕು.

ಮಾಡುವಾಗ ಕೆಲವು ಎಚ್ಚರಗಳು ಬೇಕು. ಸಕ್ಕರೆ ಕಾರ್ಖಾನೆಯನ್ನು ಸಕ್ಕರೆ ಕಾರ್ಖಾನೆಯೊಡನೆಯೇ ಹೋಲಿಸಬೇಕು, ನೂಲಿನ ಗಿರಣಿಯೊಡನೆ ಅಲ್ಲ. ಹಂಗಾಮು ಮುಗಿಯುವ ಹೊತ್ತಿಗೆ ಗೋದಾಮುಗಳು ತುಂಬಿರುವದು ಸಹಜವಾದುದರಿಂದ ಮಾರ್ಚನ್ನು ಮಾರ್ಚಿನೊಡನೆಯೇ ಅಳೆಯಬೇಕು. ಒಂದು ವರ್ಷದ ಅಂಕಿಯನ್ನು ನಂಬದೆ ಮೂರು ವರ್ಷಗಳವನ್ನು ಸಾಲಾಗಿ ಬರೆದು ನೋಡಬೇಕು. ಹೊಲದ ಮಣ್ಣನ್ನು ಪರೀಕ್ಷೆಗೆ ಒಯ್ಯುವಾಗ ಒಂದೇ ಮೂಲೆಯ ಮಣ್ಣನ್ನು ಯಾರೂ ತುಂಬಿಕೊಳ್ಳುವದಿಲ್ಲ. ಯಂತ್ರಗಳ ಸವಕಳಿಯನ್ನು ಕಡಿಮೆ ತೋರಿಸಿ, ಅಥವಾ ಬಾರದ ಹಣವನ್ನು ಬರುವ ಹಣವೆಂದು ಬರೆದು ಲಾಭವನ್ನು ಉಬ್ಬಿಸಬಹುದು. ಆದಕಾರಣ ಲೆಕ್ಕ ತಪಾಸಣಿಗಾರರ ಟಿಪ್ಪಣಿಗಳನ್ನು, ಅವೆಷ್ಟು ಸಣ್ಣ ಅಕ್ಷರದಲ್ಲಿದ್ದರೂ, ಓದದೆ ಬಿಡಬಾರದು. ಪ್ರಮಾಣವು ರೋಗವನ್ನು ಗುಣಪಡಿಸುವದಿಲ್ಲ. ನಾಡಿ ಹಿಡಿದು ನೋಡುವ ವೈದ್ಯನಂತೆ, ಎಲ್ಲಿ ಕೇಳಬೇಕೆಂಬದನ್ನು ಮಾತ್ರ ತೋರಿಸುವದು.

ಮುಂದಿನ ಸರ್ವಸಾಧಾರಣ ಸಭೆಯ ನೋಟೀಸು ಮನೆಗೆ ಬಂದಾಗ, ವರದಿಯನ್ನು ಮಾಡದಲ್ಲಿಡದೆ ಮಕ್ಕಳನ್ನು ಕೂಡಿಸಿಕೊಂಡು ಈ ನಾಲ್ಕು ಭಾಗಾಕಾರಗಳನ್ನು ಮಾಡಿ ನೋಡಬೇಕೆಂದು ನಮ್ಮ ವಾಚಕರಲ್ಲಿ ವಿನಂತಿ. ಹೈಸ್ಕೂಲಿಗೆ ಹೋಗುವ ಹುಡುಗ ಹುಡುಗಿಯರಿಗೆ ಇದು ಅರ್ಧ ಗಂಟೆಯ ಕೆಲಸ. ಸಭೆಯಲ್ಲಿ ಲಾಭಾಂಶ ಎಷ್ಟೆಂದು ಕೇಳುವ ಮೊದಲು, ಬಾಕಿ ತೀರಿಸುವ ಶಕ್ತಿ ಎಷ್ಟು, ಸಾಲ ಎಷ್ಟು, ಬಡ್ಡಿ ಎಷ್ಟು, ಕಬ್ಬಿನ ಬಿಲ್ಲು ಎಷ್ಟು ಉಳಿದಿದೆ ಎಂದು ಹತ್ತು ಜನ ಸದಸ್ಯರು ಕೇಳತೊಡಗಿದರೆ, ಉತ್ತರ ಕೊಡಬೇಕಾದವರೂ ಮುಂದಿನ ವರ್ಷ ಲೆಕ್ಕವನ್ನು ಹೆಚ್ಚಿನ ಎಚ್ಚರದಿಂದ ನೋಡಿಕೊಳ್ಳುವರು.