ಕಡಲಿನ ಸುಳಿಗಳನ್ನಳೆಯುವ ಯಂತ್ರ

ಕಡಲ ತೀರಕ್ಕೆ ಹೋದವರು ಅಲೆಗಳನ್ನು ನೋಡಿ ಬೆರಗಾಗುವುದು ಸಹಜವೇ. ಆ ಅಲೆಗಳ ಕೆಳಗೆ, ಕಣ್ಣಿಗೆ ನಿಲುಕದ ಆಳದಲ್ಲಿ, ಅಂಗುಲಕ್ಕಿಂತ ಕಿರಿದಾದ ಸುಳಿಗಳು ಹಗಲಿರುಳೂ ಹುಟ್ಟಿ ಅಳಿಯುತ್ತಿರುವುವು. ನೀರಿನ ಸುಳಿಗೆ ಅಮರಕೋಶವು ಆವರ್ತವೆಂದು ಹೆಸರಿಟ್ಟಿದೆ. ಇಂತಹ ಅಸಂಖ್ಯ ಆವರ್ತಗಳು ಕೂಡಿ ನೀರು ಕದಡಿರುವ ಸ್ಥಿತಿಯನ್ನು ನಾವು ಪ್ರಕ್ಷೋಭವೆಂದು ಕರೆಯೋಣ. ಮೊಸರು ಕಡೆಯುವಾಗ ಕಡೆಗೋಲು ಎಬ್ಬಿಸಿದ ದೊಡ್ಡ ಸುಳಿ ಒಡೆದು ಚಿಕ್ಕವಾಗಿ, ಚಿಕ್ಕವು ಮತ್ತೂ ಚಿಕ್ಕವಾಗಿ, ಕೊನೆಗೆ ಚಲನೆಯೆಲ್ಲವೂ ಅತ್ಯಲ್ಪವಾದ ಶಾಖವಾಗಿ ಪರಿಣಮಿಸುವುದಷ್ಟೆ. ಕಡಲಿನಲ್ಲಿ ನಡೆಯುವುದೂ ಇದೇ. ಬಿಸಿಲಿನ ಕಾವು ಮೇಲಿನಿಂದ ಕೆಳಗಿಳಿಯುವುದಕ್ಕೂ, ಜಲಜೀವಿಗಳಿಗೆ ಆಹಾರವಾದ ಲವಣಗಳು ಆಳದಿಂದ ಮೇಲೇರುವುದಕ್ಕೂ ಈ ಕಡೆತವು ಮುಖ್ಯ ಸಾಧನವಾಗಿದೆ.

ಇದನ್ನು ಅಳೆಯುವ ಬಗೆ ಹೇಗೆ? ಶಾಂತವಾದ ಆಳದಲ್ಲಿ ಒಂದು ಕಿಲೋಗ್ರಾಂ ನೀರಿನಲ್ಲಿ ಹೀಗೆ ಶಾಖವಾಗುವ ಶಕ್ತಿ ಒಂದು ವಾಟಿನ ನೂರು ಕೋಟಿಯಲ್ಲೊಂದು ಪಾಲಿನಷ್ಟೇ ಇರಬಹುದು. ಒಂದು ಘನ ಕಿಲೋಮೀಟರ್ ನೀರನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ಸಾವಿರ ವಾಟು, ಎಂದರೆ ಮನೆಯ ಒಂದು ಇಸ್ತ್ರಿಪೆಟ್ಟಿಗೆಯಷ್ಟು! ಇಷ್ಟು ಸೂಕ್ಷ್ಮವಾದುದನ್ನು, ಓಲಾಡುವ ಹಡಗಿನಿಂದ ಇಳಿಬಿಟ್ಟ ಯಂತ್ರವು ಕಂಡುಹಿಡಿಯಬೇಕು.

ದೊಡ್ಡ ಸುಳಿಯ ಶಕ್ತಿ ಚಿಕ್ಕ ಸುಳಿಗೆ ಯಾವ ಪ್ರಮಾಣದಲ್ಲಿ ಇಳಿಯುವುದೆಂಬ ಸೂತ್ರವನ್ನು ರಷ್ಯದ ಗಣಿತಜ್ಞ ಕೊಲ್ಮೊಗೊರೊವ್ 1941ರಲ್ಲಿ ಊಹಿಸಿದನು. ಕೆನಡಾದ ಪಶ್ಚಿಮ ಕರಾವಳಿಯ ಡಿಸ್ಕವರಿ ಪ್ಯಾಸೇಜ್ ಎಂಬ ಜಲಸಂಧಿಯ ರಭಸದ ನೀರಿನಲ್ಲಿ ಗ್ರಾಂಟ್, ಸ್ಟುವರ್ಟ್, ಮೊಯಿಯೆ ಎಂಬ ಮೂವರು ಉಪಕರಣವನ್ನು ಎಳೆದೊಯ್ದು ಅಳತೆಮಾಡಿ, 1962ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಆ ಸೂತ್ರವು ನಿಜವೆಂದು ತೋರಿಸಿದರು. ಕಾಯಿಸಿದ ತೆಳುಲೋಹದ ಪೊರೆ ಎಷ್ಟು ಬೇಗ ತಣಿಯುವುದೆಂಬುದರಿಂದ ನೀರಿನ ವೇಗವನ್ನು ತಿಳಿಯುವುದು ಅವರ ವಿಧಾನ. ಆದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು ಆ ಪೊರೆಗೆ ಬಡಿದು ಅಂಟಿಕೊಂಡು ತೊಂದರೆ ಕೊಡುತ್ತಿದ್ದುವು.

ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಬೇರೊಂದು ಸಲಾಕೆ. ಇದನ್ನು ಕಡಲಿಗೆ ತಂದ ಕೀರ್ತಿ ಆಸ್‌ಬರ್ನ್ ಎಂಬವರದು; ಅವರ ಲೇಖನ 1974ರದು. ಇದರ ತುದಿಯಲ್ಲಿ ಮಲ್ಲಿಗೆ ಮೊಗ್ಗಿನಂತಹ ಮೃದುವಾದ ರಬ್ಬರಿನ ಹೊದಿಕೆ. ಅದರೊಳಗೆ ಪಿಂಗಾಣಿಯ ಜಾತಿಯ ಒಂದು ತೆಳುಪಟ್ಟಿ. ಬಾಗಿಸಿದರೆ ವಿದ್ಯುತ್ತನ್ನು ಹೊರಡಿಸುವುದು ಅದರ ಗುಣ. ಅಡಿಗೆಮನೆಯ ಗ್ಯಾಸ್ ಲೈಟರ್ ಒತ್ತಿದಾಗ ಕಿಡಿ ಹಾರುವುದೂ ಈ ಗುಣದಿಂದಲೇ ಎಂದರೆ ಗೃಹಿಣಿಯರಿಗೆ ವಿಷಯವು ಸ್ಪಷ್ಟವಾದೀತು. ಪಕ್ಕದಿಂದ ನೀರು ತುಸು ನೂಕಿದರೂ ಮೊಗ್ಗು ಬಾಗುವುದು. ಬಾಗಿದಷ್ಟು ವಿದ್ಯುತ್ತು ದಾಖಲಾಗುವುದು.

ಯಂತ್ರವನ್ನು ನಡೆಸುವುದರಲ್ಲಿ ಬಹಳ ತಾಳ್ಮೆ ಬೇಕು. ಅದು ನೀಳವಾದ ಕೊಳವೆ. ಮೂತಿಯಲ್ಲಿ ಸಲಾಕೆಗಳು, ಬಾಲದಲ್ಲಿ ಕುಂಚ. ಕೊಳವೆಯ ಹಿಂದೆ ಸುಳಿಯೆದ್ದು ಮೈ ನಡುಗದಂತೆ ಕುಂಚವು ತಡೆಯುವುದು. ಸೆಕೆಂಡಿಗೆ ಸುಮಾರು ಮುಕ್ಕಾಲು ಮೀಟರಿನ ವೇಗದಲ್ಲಿ ಅದು ತನ್ನಷ್ಟಕ್ಕೆ ತಾನೇ ಇಳಿಯಬೇಕು. ಹಡಗಿನವರು ಹಗ್ಗವನ್ನು ಸಡಿಲವಾಗಿ, ಯಂತ್ರ ಇಳಿಯುವುದಕ್ಕಿಂತ ಮುಂಚಿತವಾಗಿ ಬಿಡುತ್ತಲೇ ಇರಬೇಕು. ಹಗ್ಗ ಬಿಗಿಯಿತೋ, ಹಡಗಿನ ಓಲಾಟವೇ ಕಡಲಿನ ಪ್ರಕ್ಷೋಭವೆಂದು ಬರೆಯಲ್ಪಡುವುದು. ಹಡಗು ನಿಂತಲ್ಲೇ ನಿಂತರೆ ಹಗ್ಗವು ಅದರ ತಳಕ್ಕೆ ಸಿಕ್ಕೀತೆಂಬ ಭಯ. ಆದುದರಿಂದ ಅದು ಆಮೆಯಂತೆ ಮುಂದೆ ತೆವಳುತ್ತಿರುವುದು. ಮೇಲಿನ ಕೆಲವು ಮೀಟರುಗಳ ಲೆಕ್ಕವನ್ನು ತಳ್ಳಿಬಿಡುವರು, ಏಕೆಂದರೆ ಅಲ್ಲಿ ನೀರನ್ನು ಕದಡಿದ್ದು ಹಡಗೇ.

ಇನ್ನು ಪಾಲನೆಯ ವಿಷಯ. ಮೊಗ್ಗನ್ನು ಬೆರಳಿನಿಂದ ಮುಟ್ಟಕೂಡದು. ಇಳಿಸುವ ಕ್ಷಣದವರೆಗೂ ಅದಕ್ಕೆ ಟೊಪ್ಪಿಗೆಯಿರಬೇಕು. ಒಳಗೆ ತೇವ ಸೇರಿದರೆ ವಿದ್ಯುತ್ತು ಸೋರಿ ಸಲಾಕೆ ಸುಳ್ಳಾಡುವುದು. ಕೊಳವೆಯ ಕೀಲುಗಳಲ್ಲಿ ರಬ್ಬರ್ ಬಳೆಗಳುಂಟು. ಪ್ರತಿ ಸಲ ತೆರೆದಾಗಲೂ ಅವನ್ನು ಒರಸಿ, ಜಿಡ್ಡು ಸವರಿ ಕೂರಿಸುವರು. ಬಳೆಗೆ ಒಂದು ತಲೆಗೂದಲು ಅಡ್ಡಬಿದ್ದರೂ ಸಾಕು, ಸಾವಿರ ಮೀಟರಿನ ಆಳದಲ್ಲಿ ನೂರು ವಾತಾವರಣಗಳ ಒತ್ತಡವು ನೀರನ್ನು ಒಳಗೆ ನುಗ್ಗಿಸೀತು. ಮೇಲೆ ಬಂದೊಡನೆ ಸಿಹಿನೀರಿನ ಸ್ನಾನ. ಮೈಗೆ ಕಟ್ಟಿದ ಸತುವಿನ ತುಂಡು ತಾನು ಸವೆದು ಉಳಿದ ಲೋಹವನ್ನು ಕಾಯುವುದು. ಅದು ಕರಗಿದಂತೆ ಹೊಸದನ್ನು ಹಾಕಬೇಕು. ಇವೆಲ್ಲಕ್ಕಿಂತ ಮುಖ್ಯವಾದುದು ಕಾಲಕಾಲಕ್ಕೆ ಸಲಾಕೆಯನ್ನು ಗೊತ್ತಾದ ವೇಗದ ನೀರಿನ ಧಾರೆಯಲ್ಲಿಟ್ಟು ಪರೀಕ್ಷಿಸುವುದು. ಫಲವು ವರ್ಗದ ಲೆಕ್ಕದಿಂದ ಬರುವುದಾದ್ದರಿಂದ, ಸಲಾಕೆ ನೂರಕ್ಕೆ ಹತ್ತು ತಪ್ಪಿದರೆ ಉತ್ತರವು ಇಪ್ಪತ್ತೊಂದು ತಪ್ಪುವುದು. ಎರಡು ಸಲಾಕೆಗಳನ್ನಿಟ್ಟು ಒಂದರ ಮಾತನ್ನು ಇನ್ನೊಂದರಿಂದ ತಾಳೆನೋಡುವ ಪದ್ಧತಿ ಇದಕ್ಕಾಗಿಯೇ. ಒಂದು ಸಲಾಕೆಗೆ ಮಾತ್ರ ಲೋಳೆಮೀನು ತಗಲಿದರೆ ಆ ಏಟು ಎರಡನೆಯದರಲ್ಲಿ ಕಾಣದು. ಎರಡು ಸಾಕ್ಷಿಗಳು ಬೇಕೆನ್ನುವ ನ್ಯಾಯಾಧೀಶರ ವಿವೇಕ ಇಲ್ಲಿಯೂ ಕೆಲಸಕ್ಕೆ ಬಂದಿದೆ.

ಇಷ್ಟು ಜೋಕೆ ಮಾಡಿದರೂ ಯಂತ್ರದ ಮಾತನ್ನು ಲೋಕವು ಒಡನೆ ನಂಬಲಿಲ್ಲ. ಅಮೆರಿಕದ ವಾಲ್ಟರ್ ಮಂಕ್ 1966ರಲ್ಲಿ, ಆಳದ ಶೀತೋಷ್ಣಗಳು ಈಗಿರುವಂತೆ ಉಳಿಯಬೇಕಾದರೆ ಇಷ್ಟು ಕಡೆತವಿರಲೇಬೇಕೆಂದು ಲೆಕ್ಕಹಾಕಿದ್ದರು. ತೆರೆದ ಕಡಲಿನಲ್ಲಿ ಯಂತ್ರಗಳು ತೋರಿಸಿದ್ದಾದರೋ ಅದರ ಹತ್ತರಲ್ಲೊಂದು ಪಾಲು. ಯಾರ ತಪ್ಪು? 1992ರಲ್ಲಿ ಲೆಡ್‌ವೆಲ್ ಮತ್ತು ಅವರ ಸಂಗಡಿಗರು ಅಟ್ಲಾಂಟಿಕ್ ಸಾಗರದಲ್ಲಿ ಸುಮಾರು ಮುನ್ನೂರು ಮೀಟರ್ ಆಳಕ್ಕೆ ನಿರಪಾಯಕರವಾದ ಒಂದು ರಾಸಾಯನಿಕವನ್ನು ಬಿಟ್ಟು, ಅದು ಮೇಲೆ ಕೆಳಗೆ ಹರಡುವುದನ್ನು ತಿಂಗಳುಗಟ್ಟಲೆ ಹಿಂಬಾಲಿಸಿದರು. ಅಲ್ಲಿ ಯಂತ್ರದ ಮಾತೇ ಸತ್ಯವಾಯಿತು. ಹಾಗಾದರೆ ಉಳಿದ ಕಡೆತವೆಲ್ಲಿ? ಬ್ರೆಜಿಲಿನ ಪೂರ್ವಕ್ಕೆ, ಕಡಲ ತಳವು ಏರುತಗ್ಗಾಗಿರುವಲ್ಲಿ ಅದು ಬಹಳ ಹೆಚ್ಚೆಂದು 1997ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿದುವು.

ನಮ್ಮ ನಾಡಿಗೂ ಈ ವಿದ್ಯೆಗೂ ಸಂಬಂಧವಿಲ್ಲದಿಲ್ಲ. 2016ರ ಮುಂಗಾರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ನೇತೃತ್ವದಲ್ಲಿ, ಸಿಂಧು ಸಾಧನಾ ಎಂಬ ಹಡಗು ಬಂಗಾಳ ಕೊಲ್ಲಿಯ ದಕ್ಷಿಣಭಾಗದಲ್ಲಿ ಸಂಚರಿಸಿ ಇಂತಹ ಯಂತ್ರವನ್ನು ಇಳಿಸಿತು. ಮಹಾನದಿಗಳು ತಂದ ಸಿಹಿನೀರು ಅಲ್ಲಿ ಹಗುರವಾಗಿ ಮೇಲೆ ಹಾಸಿರುವುದು; ಕನ್ನಡ ಕರಾವಳಿಯನ್ನು ತೊಳೆಯುವ ಅರಬ್ಬೀ ಸಮುದ್ರದ ಉಪ್ಪುನೀರು ಮುಂಗಾರಿನ ಪ್ರವಾಹದೊಡನೆ ಸಿಂಹಳವನ್ನು ಸುತ್ತಿ ಬಂದು ಅದರಡಿಗೆ ನುಸುಳುವುದು. ಇವೆರಡೂ ಎಷ್ಟು ಬೆರೆಯುವುವೆಂಬುದನ್ನು ಆ ಸಲಾಕೆಯ ಮೊಗ್ಗು ಬಾಗಿ ಬಾಗಿ ಬರೆದುಕೊಂಡಿತು.