ಮಣ್ಣಗುಡ್ಡದಿಂದ ಹದಿನಾರು ಸಲ

ಬೆಂಗಳೂರಿನ 0–16 ವಯಸ್ಸಿನ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 12.5 ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. 40 ಮಕ್ಕಳ ತರಗತಿಯಲ್ಲಿ ಐವರು ಎಂದ ಹಾಗಾಯಿತು. ನನ್ನ ಕಣ್ಣು ನಿಂತದ್ದು ಮಾತ್ರ ಇನ್ನೊಂದು ಅಂಕಿಯ ಮೇಲೆ: ಮಗುವಿಗೆ ತೊಂದರೆಯಿದೆ ಎಂದುಕೊಂಡಿದ್ದ ಕುಟುಂಬಗಳು ಬರೀ ಶೇ. 37.5. ಹಠ, ಕೊಬ್ಬು, ನಮ್ಮ ಮಂಗಳೂರ ಮಾತಿನಲ್ಲಿ ‘ಲೂಟಿ’ (ತುಂಟತನ) ಎಂದು ತಳ್ಳಿಹಾಕುವ ಮನೆಗಳು ಇಲ್ಲಿಯೂ ಕಡಿಮೆಯಿಲ್ಲ.

ಲೂಟಿಗೂ ಕಾಯಿಲೆಗೂ ನಡುವೆ ವೈದ್ಯರು ಎಳೆಯುವ ಗೆರೆ ಕಾಲದ್ದು. ಸಿಟ್ಟು, ಎದುರುತ್ತರ, ಸೇಡು ಮುಂತಾದ 8 ಲಕ್ಷಣಗಳಲ್ಲಿ 4 ಆದರೂ 6 ತಿಂಗಳು ಬಿಡದೆ ಇದ್ದರೆ ಅದು ಚಿಕಿತ್ಸೆ ಬೇಡುವ ಸ್ಥಿತಿ. ಹೊಡೆದಾಟ, ಕಳವು, ಪ್ರಾಣಿಹಿಂಸೆ, ಬೆಂಕಿ ಹಚ್ಚುವುದು, ಮನೆ ಬಿಟ್ಟು ಓಡುವುದು ಇಂಥ 15ರಲ್ಲಿ 3 ಒಂದು ವರ್ಷದೊಳಗೆ ಕಂಡರೆ ಇನ್ನೂ ಗಂಭೀರ. ಆಸ್ಪತ್ರೆಗೆ ಹೋಗುವ ಮೊದಲು ಎರಡು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಎಷ್ಟು ಗಂಟೆಗೆ, ಯಾರ ಮೇಲೆ, ಎಷ್ಟು ಹೊತ್ತು. ಖರ್ಚಿಲ್ಲದ ಕೆಲಸ, ಡಾಕ್ಟರರಿಗೆ ಬಹಳ ಉಪಕಾರ.

ದೇಶದಲ್ಲಿ ಲಕ್ಷ ಜನರಿಗೆ ಮನೋವೈದ್ಯರು ಸುಮಾರು 0.75, ಬೇಕಾದದ್ದು 3. ಮಂಗಳೂರಿಗೆ ಈ ಸರಾಸರಿ ಹೊಂದುವುದಿಲ್ಲ. ದಕ್ಷಿಣ ಕನ್ನಡದಲ್ಲಿ ವೈದ್ಯಕೀಯ ಕಾಲೇಜುಗಳೇ ಎಂಟು. ನಗರದ ಮಣ್ಣಗುಡ್ಡದಿಂದ ಹಂಪನಕಟ್ಟೆಯ ವೆನ್ಲಾಕ್ ಆಸ್ಪತ್ರೆ ಎರಡೂವರೆ ಕಿ.ಮೀ. ಆಸುಪಾಸು, ಕಂಕನಾಡಿಯ ಫಾದರ್ ಮುಲ್ಲರ್ ಐದು, ದೇರಳಕಟ್ಟೆಯ ಕಾಲೇಜು ಆಸ್ಪತ್ರೆಗಳು ಹದಿನಾಲ್ಕರ ಹತ್ತಿರ. ಬಾಗಿಲು ದೂರವಿಲ್ಲ. ಆ ಬಾಗಿಲಿಗೆ ಎಷ್ಟು ಸಲ ಹೋಗಬೇಕು ಎಂಬುದೇ ನಿಜವಾದ ಲೆಕ್ಕ.

ಏಕೆಂದರೆ ಇಂಥ ಸಿಟ್ಟು, ಹೊಡೆದಾಟಕ್ಕೆ ಮುಖ್ಯ ಮದ್ದು ಮಾತ್ರೆಯಲ್ಲ, ಅಪ್ಪ ಅಮ್ಮನಿಗೆ ಕೊಡುವ ತರಬೇತಿ. ಇಂಗ್ಲೆಂಡಿನ 2013ರ ರಾಷ್ಟ್ರೀಯ ಮಾರ್ಗಸೂಚಿ 3ರಿಂದ 11 ವರ್ಷದ ಮಕ್ಕಳ ಹೆತ್ತವರಿಗೆ 10ರಿಂದ 16 ಬೈಠಕ್, ಒಂದೊಂದೂ 90ರಿಂದ 120 ನಿಮಿಷ ಎನ್ನುತ್ತದೆ. ಹದಿನಾರನ್ನೇ ಹಿಡಿಯೋಣ. ಕೂರುವುದಕ್ಕೆ 32 ಗಂಟೆ. ಹೋಗಿಬರಲು ಒಂದು ಗಂಟೆ, ಚೀಟಿ ಮಾಡಿಸಿ ಕಾಯಲು ಒಂದು ಗಂಟೆ ಎಂದಿಟ್ಟರೆ ಮತ್ತೆ 32. ಒಟ್ಟು 64 ಗಂಟೆ, ಅಂದರೆ ದುಡಿಮೆಯ ಎಂಟು ದಿನ. ಖಾಸಗಿಯಲ್ಲಿ ಸಲಕ್ಕೆ 600 ರೂಪಾಯಿ ಎಂದುಕೊಂಡರೆ 9,600. 1,000 ಆದರೆ 16,000. ದಿನಕ್ಕೆ 700 ದುಡಿಯುವವರ ಅರ್ಧ ದಿನ ಪ್ರತಿಸಲ ಹೋದರೆ 5,600 ಬೇರೆ. ಸಾವಿರಕ್ಕಿಷ್ಟು ಎಂದು ಬೀಡಿ ಕಟ್ಟುವ ತಾಯಿಗೆ ಈ ಕೊನೆಯ ಮೊತ್ತವೇ ಎಲ್ಲಕ್ಕಿಂತ ಭಾರ. ಆರನೆಯ ವಾರಕ್ಕೆ ಬರುವುದನ್ನೇ ನಿಲ್ಲಿಸಿದವರನ್ನು ‘ಕಾಳಜಿಯಿಲ್ಲದವರು’ ಎಂದು ದೂರುವ ಮೊದಲು ಈ ಲೆಕ್ಕ ನೋಡಬೇಕು.

‘ನಿಮ್ಹಾನ್ಸಿಗೇ ಕರೆದುಕೊಂಡು ಹೋಗಿ’ ಎನ್ನುವ ನೆಂಟರು ಇರುತ್ತಾರೆ. ಆ ಮಾನಸಿಕ ಆಸ್ಪತ್ರೆ ಇರುವ ಬೆಂಗಳೂರು 350 ಕಿ.ಮೀ.; ಹದಿನಾರು ಸಲ ಹೋಗಿಬಂದರೆ 11,200 ಕಿ.ಮೀ. ಒಂದು ಸಲದ ಅಭಿಪ್ರಾಯಕ್ಕೆ ಹೋಗಿ. ವಾರವಾರದ ಕೆಲಸಕ್ಕೆ ಹತ್ತಿರದ ಆಸ್ಪತ್ರೆಯೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೊದಲ ಭೇಟಿಯಲ್ಲೇ ಕೇಳಿಬಿಡಿ: ಒಟ್ಟು ಎಷ್ಟು ಬೈಠಕ್, ಸಂಜೆ ಸಿಗುತ್ತದೆಯೇ, ನಡುವಿನ ಕೆಲವನ್ನು ಫೋನಿನಲ್ಲಿ ಮಾಡಬಹುದೇ.

ದುಡ್ಡಿಲ್ಲದೆ ಸಿಗುವುದೂ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, 14416, ಕನ್ನಡದಲ್ಲೇ ಮಾತನಾಡುತ್ತದೆ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ ಹೋಗಬೇಕು. ನೋಡಬೇಕಾದ ತೊಂದರೆಗಳಲ್ಲಿ ಅತಿ ಚಟುವಟಿಕೆ, ಗಮನ ಕೊರತೆಯೂ ಸೇರಿವೆ. ಅನುದಾನವಿಲ್ಲದ ಖಾಸಗಿ ಶಾಲೆಯ ಮಗು ಈ ಕಣ್ಣಿಗೆ ಬೀಳುವುದಿಲ್ಲ.

ವಿಮೆಯ ವಿಷಯ ಬೇಸರದ್ದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಷ್ಟೇ ವಿಮೆ ಎಂದಿತು. ಆದರೆ ಸಾಮಾನ್ಯ ಪಾಲಿಸಿಗಳು ಹಣ ಕೊಡುವುದು ದಾಖಲಾದಾಗ. ಈ ಹದಿನಾರೂ ಹೊರರೋಗಿ ಭೇಟಿಗಳು. ಹೊರರೋಗಿ ಚಿಕಿತ್ಸೆಗೂ ಒದಗುವ ಒಂದು ಲಕ್ಷ ರೂಪಾಯಿಯ ನಿರಾಮಯ ಯೋಜನೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ಅಂಗವೈಕಲ್ಯಕ್ಕೆ ಮೀಸಲು. ಬರೀ ಸಿಟ್ಟು, ಹೊಡೆದಾಟದ ಮಗುವಿನ ತಾಯಿ ಆ ಅರ್ಜಿ ತುಂಬುವ ಹಾಗಿಲ್ಲ.